ರಾಮಣ್ಣನಿಗೆ ಒಯ್ದ ಎಲೆ ಅಡಿಕೆ

ಆರ್.ಟಿ. ನಗರ

ದೇಶದೇಶಗಳ ರಾಯಭಾರಿಗಳು ಅರಮನೆಗಳಲ್ಲಿ ನೇಮಕವಾಗುತ್ತಾರಂತೆ. ನನ್ನ ನೇಮಕ ಆದದ್ದು ಆರ್.ಟಿ. ನಗರದ ಒಂದು ದರ್ಶಿನಿಯಲ್ಲಿ, ಕೈ ತೊಳೆಯುವ ನಲ್ಲಿಗೆ ಒತ್ತಿಕೊಂಡಿರುವ ಕಲ್ಲಿನ ಮೇಜಿನ ಸುತ್ತ. ಸಭಾಸದರು ಮೂವರು. ಗಂಗಾನಗರದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ನಾಗರಾಜು, ಹೆಬ್ಬಾಳದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಸೆಲ್ವ, ಮತ್ತು ಯಲಹಂಕದ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತನಾದ ನಾನು. ಇನ್ನೂ ನಾಲ್ಕು ಜನ ಸದಸ್ಯರಿದ್ದಾರೆ. ಅವರು ಬೋಂಡಾ ಸೂಪ್ ಇರುವ ದಿನ ಮಾತ್ರ ಹಾಜರಾಗುತ್ತಾರೆ.

ಆಗ ನಮ್ಮ ಫುಟ್‌ಬಾಲ್ ತಂಡಕ್ಕೆ ಕೋಚ್ ಇರಲಿಲ್ಲ. ತಂಡದ ಹೆಸರು ಬೇಡ. ಬೆಂಗಳೂರಿನದು ಅಂದರೆ ಸಾಕು. ಹಿಂದಿನ ಕೋಚ್ ಸೀಸನ್ ಮುಗಿದ ಮರುದಿನವೇ ವಿಮಾನ ಹತ್ತಿದ್ದರು. ಕೋಚ್ ಇಲ್ಲದ ತಂಡವೆಂದರೆ ಪುರೋಹಿತರು ಬಾರದ ಮದುವೆಮನೆ. ಊಟಕ್ಕೆಂದು ಬಂದವನೂ ಮಂತ್ರದ ವಿಷಯದಲ್ಲಿ ಅಭಿಪ್ರಾಯ ಹೇಳುತ್ತಾನೆ. ಮೂರು ವಾರದಲ್ಲಿ ನಮ್ಮ ಮೇಜಿನ ಮೇಲೆ ಒಂಬತ್ತು ಹೆಸರುಗಳು ಬಂದು ಹೋದವು. ಇಟಲಿಯವರೊಬ್ಬರು ಯಾರದೋ ಮಸಾಲೆದೋಸೆಯ ಫೋಟೋಗೆ ಹೃದಯದ ಗುರುತು ಒತ್ತಿದ್ದರು ಎಂಬ ಒಂದೇ ಆಧಾರದ ಮೇಲೆ ನಾಗರಾಜು ಅವರನ್ನು ಎರಡು ದಿನ ಕೋಚ್ ಮಾಡಿಟ್ಟಿದ್ದ.

"ಪಕ್ಕಾ ಅವನೇ ಗುರು. ಇಲ್ಲಾಂದ್ರೆ ದೋಸೆ ಯಾಕ್ ಲೈಕ್ ಮಾಡ್ತಾನೆ ಸುಮ್‌ಸುಮ್ನೆ?"

"ನಮ್ಮತ್ತೇನೂ ಲೈಕ್ ಮಾಡವ್ರೆ ಮಚ್ಚಾ. ಅವ್ರನ್ನೂ ಕೋಚ್ ಮಾಡ್ಬಿಡು," ಎಂದ ಸೆಲ್ವ. ಆಮೇಲೆ ಕಾಫಿ ಲೋಟದೊಳಗೆ ನೋಡುತ್ತಾ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ರಾಮಣ್ಣನ್ನೇ ವಾಪಸ್ ಕರ್ಕೊಂಡ್ ಬಂದ್ರೆ?"

ಆ ಹೆಸರನ್ನು ನಾವು ಮೂವರೂ ಮನಸ್ಸಿನಲ್ಲಿಟ್ಟುಕೊಂಡೇ ಉಳಿದ ಒಂಬತ್ತನ್ನು ಎಣಿಸಿದ್ದೆವು.

ಅವರ ನಿಜವಾದ ಹೆಸರು ರಾಮೋನ್, ಸ್ಪೇನ್ ದೇಶದವರು. ನಾಲ್ಕು ವರ್ಷ ನಮ್ಮ ಕೋಚ್ ಆಗಿ ಸಹಕಾರನಗರದ ಫ್ಲ್ಯಾಟೊಂದರಲ್ಲಿದ್ದರು. ಗ್ಯಾಲರಿಯ ಬಾಯಿಗೆ ಬಿದ್ದು ಮೊದಲ ತಿಂಗಳಲ್ಲೇ ರಾಮಣ್ಣ ಆದರು. ಆಟದ ನಡುವೆ ಮಳೆ ಬಂದರೆ ಛತ್ರಿ ಹಿಡಿಯುತ್ತಿರಲಿಲ್ಲ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ಅಂಡರ್‌ಪಾಸಿನ ನೀರಿನಲ್ಲಿ ಸ್ಕೂಟರ್ ತಳ್ಳುವವರ ಹಾಗೆ ಗೆರೆಯ ಪಕ್ಕ ನಿಲ್ಲುತ್ತಿದ್ದರು. ಗೆದ್ದ ದಿನ ಸೀದಾ ಒಳಗೆ ಹೋಗಿಬಿಡುತ್ತಿದ್ದರು. ಸೋತ ದಿನ ಮಾತ್ರ ನಮ್ಮ ಗ್ಯಾಲರಿಯ ಮುಂದೆ ಬಂದು ಕೈ ಮುಗಿಯುತ್ತಿದ್ದರು. ಆಮೇಲೆ ಸೋಲುಗಳು ಹೆಚ್ಚಾದವು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ರಾಮೋನ್ ಇನ್ನು ನಮ್ಮೊಡನೆ ಇರುವುದಿಲ್ಲ ಎಂಬ ಪ್ರಕಟಣೆ ಬಂತು. ಅವರಾದ ಮೇಲೆ ಇಬ್ಬರು ಬಂದರು. ಅವರೂ ಸೋತರು. ಕೈ ಮಾತ್ರ ಮುಗಿಯಲಿಲ್ಲ.

ನಾನು ಹೆಂಡತಿ ಸುಮಿತ್ರೆಯೊಡನೆ ಪ್ಯಾಕೇಜ್ ಟೂರಿನಲ್ಲಿ ಯುರೋಪಿಗೆ ಹೊರಟಿದ್ದೆ. ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಎರಡು ದಿನ ಬಿಡುವು ಎಂದು ಅದರಲ್ಲಿ ಬರೆದಿತ್ತು. ಬಿಡುವು ಎಂಬ ಶಬ್ದ ಕೇಳಿದ್ದೇ ನಾಗರಾಜು ನೆಟ್ಟಗೆ ನಿಂತ.

"ಮೇಷ್ಟ್ರೇ, ಹೋಗಿ ಒಂದ್ ಶಾಲು ಹೊದಿಸಿ. ಮರ್ಯಾದೆ ಮಾಡಿ. ಬರೋ ಮನಸ್ಸಿದ್ಯಾ ನೋಡ್ಕೊಂಡ್ ಬನ್ನಿ, ಅಷ್ಟೇ. ಇದೆ ಅಂದ್ರೆ ಆಮೇಲ್ ನಾವು ಇಲ್ಲಿ ಗಲಾಟೆ ಶುರು ಮಾಡೋಣ."

ಸೆಲ್ವನ ಹತ್ತಿರ ರಾಮಣ್ಣನ ನಂಬರ್ ಇತ್ತು. ಸಂದೇಶ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಬೆಂಗಳೂರಿನ ನಮ್ಮೆಲ್ಲರ ಪರವಾಗಿ, ತಮ್ಮನ್ನು ಖುದ್ದಾಗಿ ಕಾಣುವ ಉದ್ದೇಶದಿಂದ ಬರುತ್ತಿದ್ದೇನೆ' ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಮೂವತ್ತನಾಲ್ಕು ವರ್ಷ ಸರ್ಕ್ಯುಲರ್ ಓದಿದವನ ಕೈಯಿಂದ 'ಸುಮ್ಮನೆ ನೋಡಿ ಹೋಗೋಣ ಅಂತ' ಎಂಬ ವಾಕ್ಯ ಬರುವುದಿಲ್ಲ. ಬಂದಿದ್ದರೆ ಈ ಪ್ರವಾಸ ಬೇರೆಯೇ ಆಗುತ್ತಿತ್ತು.

ಮ್ಯಾಡ್ರಿಡ್

ಪ್ಯಾಕೇಜ್ ಟೂರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ಯಾರಿಸ್ಸಿನಲ್ಲಿ ಗೋಪುರವನ್ನು ನಾವು ನೋಡಿದೆವು, ಅದು ನಮ್ಮನ್ನು ನೋಡಿತು. ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಿಂತು ನಮ್ಮ ಬಸ್ಸಿನ ಮಹನೀಯರೊಬ್ಬರು ಮನೆಯ ಟ್ಯಾಂಕಿನ ಮೋಟರ್ ಆಫ್ ಮಾಡಿದೆನೇ ಎಂದು ಚಿಂತಿಸಿದರು. ಹೇಳಬೇಕಾದದ್ದು ಎಲೆಗಳ ಸಂಗತಿ.

ನಾಗರಾಜು ರೇಷ್ಮೆ ಅಂಚಿನ ಶಾಲು, ಗಂಧದ ಹಾರ, ಮೈಸೂರು ಪೇಟ ಕೊಟ್ಟಿದ್ದ. ಅವನ ತಾಯಿ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಐದನೆಯ ದಿನಕ್ಕೆ ಅವು ಕಪ್ಪಾಗಿ, ಹೋಟೆಲ್ ರೂಮಿನಲ್ಲಿ ತಮ್ಮ ಇರವನ್ನು ಸಾರತೊಡಗಿದವು. ವಿಧಿಯಿಲ್ಲದೆ ಬಿಸುಟೆವು.

"ಹೋಗ್ಲಿ ಬಿಡು, ಶಾಲು ಇದೆಯಲ್ಲ," ಎಂದೆ.

"ಬರೀ ಶಾಲು ಹೊದಿಸ್ತೀರಾ? ಗೂಟಕ್ಕೆ ಬಟ್ಟೆ ತಗುಲಿಹಾಕ್ದಂಗೆ ಇರುತ್ತೆ. ಎಲೆ ಅಡಿಕೆ ಇಲ್ದೆ ಅದೇನ್ರೀ ಮರ್ಯಾದೆ?" ಎಂದಳು ಸುಮಿತ್ರೆ.

ಹೀಗಾಗಿ ಮ್ಯಾಡ್ರಿಡ್‌ನ ಅರಮನೆಯನ್ನು ನಾನು ನೋಡಿಲ್ಲ. ಇಳಿಜಾರಿನ ಬೀದಿಯೊಂದರಲ್ಲಿ ಬಾಂಗ್ಲಾದೇಶದವರ ಕಿರಾಣಿ ಅಂಗಡಿ ಹುಡುಕಿ ವೀಳ್ಯದೆಲೆ ಕೊಂಡೆವು. ಅಂಗಡಿಯವನು ಒಂದೊಂದೇ ಎಲೆಯನ್ನು ತೊಟ್ಟು ಹಿಡಿದು ಒರೆಸುತ್ತಾ "ಶಾದಿ ಹೈ?" ಎಂದು ಕೇಳಿದ. "ನಹೀ, ಫುಟ್‌ಬಾಲ್ ಕೋಚ್," ಎಂದೆ. ಅದೂ ಹದಿನಾರು ಸಂಸ್ಕಾರಗಳಲ್ಲಿ ಒಂದು ಎಂಬಂತೆ ಅವನು ಗಂಭೀರವಾಗಿ ತಲೆಯಾಡಿಸಿದ. ತೆಂಗಿನಕಾಯಿ ದೊಡ್ಡ ಮಾರ್ಕೆಟ್ಟಿನಲ್ಲಿ ಸಿಕ್ಕಿತು. ಸುಮಿತ್ರೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಪಕ್ಕದಲ್ಲಿದ್ದ ಸ್ಪೇನಿನ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನೋಡಿ, ತಾನೂ ಒಂದನ್ನು ಎತ್ತಿ ಕಿವಿಗೆ ಹಿಡಿದಳು. ಏನು ಕೇಳಿಸಿತೋ, ಬಹಳ ಸಂತೋಷದಿಂದ ಬುಟ್ಟಿಗೆ ಹಾಕಿಕೊಂಡಳು.

"ಪೂರ್ವಕ್ಕೆ ಮುಖ ಮಾಡಿ ಕೂರ್ಸಿ. ತಟ್ಟೇನ ಒಂದೇ ಕೈಲಿ ಕೊಡ್ಬೇಡಿ," ಎಂದು ಹೇಳಿ ಸುಮಿತ್ರೆ ಟೂರಿನ ಹೆಂಗಸರೊಡನೆ ಉಳಿದಳು. ನಾನು ಚೀಲ ಹಿಡಿದು ಉತ್ತರದ ರೈಲು ಹತ್ತಿದೆ.

ಮಳೆಯ ಊರು

ಆ ಊರಿನ ಹೆಸರು ಹೇಳಿದರೆ ರಾಮಣ್ಣನ ಮನೆಯ ವಿಳಾಸ ಕೊಟ್ಟಂತೆಯೇ ಆಗುತ್ತದೆ, ಅಷ್ಟು ಚಿಕ್ಕದು. ರೈಲು ಇಳಿದು ಬಸ್ಸು ಹತ್ತಬೇಕು. ಗುಡ್ಡ, ಹಸು, ಮಂಜು. ಮಳೆ ಸುರಿಯುವುದಿಲ್ಲ, ನಿಲ್ಲುವುದೂ ಇಲ್ಲ. ಗೊಣಗುವ ಯಜಮಾನರ ಹಾಗೆ ದಿನವಿಡೀ ಅಷ್ಟಷ್ಟೇ. ಮಧ್ಯಾಹ್ನ ಎರಡಕ್ಕೆ ಇಳಿದಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಮುಷ್ಕರವೇ ಎಂದು ಗಾಬರಿಯಾದೆ. ಊಟ ಮತ್ತು ನಿದ್ದೆಯಂತೆ, ಐದು ಗಂಟೆಯವರೆಗೆ. ನಮ್ಮಲ್ಲಿ ಸರ್ಕಾರಿ ಕಚೇರಿಗಳು ಬಾಗಿಲು ತೆರೆದಿಟ್ಟುಕೊಂಡೇ ಇದನ್ನು ಸಾಧಿಸುತ್ತವೆ. ರಾಮಣ್ಣನೂ ಐದಕ್ಕೇ ಬರಹೇಳಿದ್ದರು.

ತೆರೆದಿದ್ದದ್ದು ಸೇಬಿನ ಮದ್ಯದ ಒಂದು ಅಂಗಡಿ. ಅಲ್ಲಿ ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ತೊಡೆಯ ಹತ್ತಿರ ಹಿಡಿದ ಲೋಟಕ್ಕೆ ಸುರಿಯುತ್ತಾರೆ; ಕಣ್ಣು ಮಾತ್ರ ಬೇರೆಲ್ಲೋ ಇರುತ್ತದೆ. ಕಾಫಿಯನ್ನು ಗಜ ಎತ್ತರದಿಂದ ಹೊಯ್ಯುವ ನಮ್ಮ ಮಾಣಿಗಳಿಗೆ ಸರಿಸಾಟಿ ಭೂಮಿಯ ಮೇಲಿಲ್ಲ ಎಂಬ ಹೆಮ್ಮೆ ನನಗಿತ್ತು. ಅದನ್ನು ಅಲ್ಲೇ ಕೆಳಗಿಟ್ಟೆ. ನಾನು ಕುಡಿಯುವವನಲ್ಲವಾದ್ದರಿಂದ ಬರೀ ಸೇಬಿನ ರಸ ಕೇಳಿದೆ. ಅಂಗಡಿ ನೋಡಿಕೊಳ್ಳುವ ಮಾರ್ತಾ ಎಂಬ ಹೆಣ್ಣುಮಗಳು ಪಾಪ ಅನ್ನಿಸಿ ಅದನ್ನೂ ಎತ್ತರದಿಂದಲೇ ಸುರಿದಳು. ಆಕೆ ಒಂದು ವರ್ಷ ಐರ್ಲೆಂಡಿನಲ್ಲಿದ್ದು ಇಂಗ್ಲಿಷ್ ಕಲಿತವಳು.

ಮೂಲೆಯಲ್ಲಿ ನಾಲ್ವರು ಮುದುಕರು ಡಾಮಿನೋ ಬಿಲ್ಲೆ ಆಡುತ್ತಿದ್ದರು. ಒಬ್ಬರು ಏನೋ ಹೆಸರು ಹೇಳುವುದು, ಇನ್ನೊಬ್ಬರು "ಬಾಹ್!" ಎಂದು ಬಿಲ್ಲೆಯನ್ನು ಮೇಜಿಗೆ ಕುಟ್ಟುವುದು, ಮತ್ತೊಂದು ಹೆಸರು, ಮತ್ತೊಮ್ಮೆ ಕುಟ್ಟುವುದು.

"ಜಗಳವೇ?" ಎಂದು ಕೇಳಿದೆ.

"ಇಲ್ಲ. ನಮ್ಮೂರ ಫುಟ್‌ಬಾಲ್ ತಂಡಕ್ಕೆ ಕೋಚ್ ಬೇಕಾಗಿದೆ. ಎರಡು ತಿಂಗಳಿಂದ ಇದೇ," ಎಂದಳು ಮಾರ್ತಾ. "ಒಂದೊಂದು ಬಿಲ್ಲೆಗೆ ಒಬ್ಬ ಕೋಚ್ ಹೋಗುತ್ತಾನೆ."

ಸಾವಿರಾರು ಮೈಲಿ ದಾಟಿ ನಮ್ಮ ಮೇಜೇ ಬಂದು ಅಲ್ಲಿ ಕೂತಿತ್ತು. ನನಗೆ ಥಟ್ಟನೆ ಮನೆಯ ನೆನಪು ಬಂತು. ಬಂಧುಬಳಗದ ಸಲುಗೆಯಿಂದ ಮಾರ್ತಾಳಿಗೆ ಹೇಳಿದೆ: "ಮೇಲಿನ ಬೀದಿಯಲ್ಲೇ ರಾಮೋನ್ ಇದ್ದಾರಲ್ಲ. ಅವರಾಗಬಾರದೇ ಅಂತ ಕೇಳಮ್ಮ."

ಆಕೆ ಕೇಳಿದಳು. ಬಿಲ್ಲೆ ಕುಟ್ಟುವ ಕೈ ಗಾಳಿಯಲ್ಲೇ ನಿಂತಿತು. ನಾಲ್ವರಲ್ಲಿ ಹಿರಿಯರು ನಿಧಾನವಾಗಿ ಬಹಳ ಹೊತ್ತು ಮಾತಾಡಿದರು. ಮಾರ್ತಾ ಅದನ್ನು ನನಗೆ ಹೇಳಿದ್ದು ಹೀಗೆ:

"ಎರಡು ವರ್ಷದ ಕೆಳಗೆ ಇವರೇ ಹೋಗಿ ಕೇಳಿದ್ದರಂತೆ. ಬೆಂಗಳೂರಿನವರು ನನ್ನನ್ನು ಮತ್ತೆ ಕರೆಯುತ್ತಾರೆ, ಅರ್ಧದಲ್ಲಿ ಬಿಟ್ಟು ಹೋದರೆ ನಿಮಗೆ ತೊಂದರೆ ಅಂದರಂತೆ. ಆಮೇಲೆ ಇವರು ಕೇಳಲಿಲ್ಲ. ಹೊರಟು ನಿಂತವರನ್ನು ತಡೆಯುವುದು ಸರಿಯಲ್ಲವಲ್ಲ?"

ಹಿರಿಯರು ನನ್ನ ಚೀಲದಿಂದ ಇಣುಕುತ್ತಿದ್ದ ತೆಂಗಿನಕಾಯಿಯ ಜುಟ್ಟನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೇನೋ ಕೇಳಿದರು.

"ನೀವು ಅವರನ್ನು ಕರೆಯಲು ಬಂದವರೇ ಅಂತ ಕೇಳುತ್ತಿದ್ದಾರೆ," ಎಂದಳು ಮಾರ್ತಾ.

ಲೋಟದಲ್ಲಿ ರಸ ಮುಗಿದಿತ್ತು. ಆದರೂ ಎತ್ತಿ ಕುಡಿದೆ.

ಔಷಧಿ ಅಂಗಡಿಯ ಮೇಲಿನ ಮನೆ

"ಬನ್ನಿ ಬನ್ನಿ! ಊಟ ಆಯ್ತಾ?"

ಬಾಗಿಲು ತೆರೆದ ರಾಮಣ್ಣ ಕನ್ನಡದಲ್ಲೇ ಕೂಗಿದರು. ಅವರ ಕನ್ನಡ ಅಷ್ಟೇ; ಮುಂದಿನದೆಲ್ಲ ಇಂಗ್ಲಿಷಿನಲ್ಲಿ ಆಡಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಳಿದುಹೋಗಿದ್ದರು. ಕೂದಲು ಪೂರಾ ಬಿಳಿ. ಆದರೆ ಕೋಟು, ಟೈ, ಮಿರುಗುವ ಬೂಟು. ಹೆಂಡತಿ ಕಾರ್ಮೆನ್ ಕೂಡ ಒಳ್ಳೆಯ ಉಡುಪಿನಲ್ಲಿದ್ದರು. ಬಡ ಮೇಷ್ಟ್ರೊಬ್ಬ ಬಂದರೂ ಇಷ್ಟು ಸಿದ್ಧವಾಗುತ್ತಾರಲ್ಲ, ಇವರಿಂದ ನಾವು ಕಲಿಯಬೇಕು ಎಂದುಕೊಂಡೆ.

ಫೋನಿನಲ್ಲಿ ದಿಕ್ಕು ನೋಡಿ ಪೂರ್ವಕ್ಕೆ ಕುರ್ಚಿ ತಿರುಗಿಸಿದೆ. ರಾಮಣ್ಣ ವಿಧೇಯ ವಿದ್ಯಾರ್ಥಿಯ ಹಾಗೆ ಕೂತರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಹಾರ ಹಾಕಿ, ಶಾಲು ಹೊದಿಸಿ, ಕಾರ್ಮೆನ್ ಕೊಟ್ಟ ಪಿಂಗಾಣಿ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಎರಡೂ ಕೈಯಿಂದ ನೀಡಿದೆ. ಅವರು ಎದ್ದು ನಿಂತು ಎರಡೂ ಕೈಯಿಂದ ತೆಗೆದುಕೊಂಡು, ನಮ್ಮವರ ಹಾಗೆಯೇ ಕಣ್ಣಿಗೆ ಒತ್ತಿಕೊಂಡರು.

ಆಮೇಲೆ ಹೆಂಡತಿಯ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಏನೋ ಹೇಳಿದರು. ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ರಾಮಣ್ಣ ಒಳಗೆ ಹೋಗಿ ಸ್ಟೂಲು ಎಳೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ದೊಡ್ಡ ಸೂಟ್‌ಕೇಸ್ ಇತ್ತು. ಹಿಡಿಯಲ್ಲಿ ಬೆಂಗಳೂರಿನ ವಿಮಾನದ ಹಳೆಯ ಚೀಟಿ ಹಾಗೇ ನೇತಾಡುತ್ತಿತ್ತು.

"ನನಗೆ ಗೊತ್ತಿತ್ತು," ಎಂದರು, ಪೇಟವನ್ನು ಹುಬ್ಬಿನಿಂದ ಮೇಲೆ ತಳ್ಳುತ್ತಾ. "ಸಹಕಾರನಗರದಲ್ಲಿ ಅಡುಗೆ ಮಾಡುತ್ತಿದ್ದ ಲಕ್ಷ್ಮಮ್ಮ ಮಗಳ ಮದುವೆಗೆ ಕರೆಯಲು ಇಂಥದೇ ಎಲೆ ಅಡಿಕೆಯ ತಟ್ಟೆ ತಂದಿದ್ದರು. ದಿನಾ ಸಿಗುತ್ತೀರಿ, ಬಾಯಲ್ಲಿ ಹೇಳಿದರೆ ಸಾಲದೇ ಎಂದೆ. ಬಾಯಲ್ಲಿ ಹೇಳಿದರೆ ಅದು ಸುದ್ದಿ ಸಾರ್, ತಟ್ಟೆ ಹಿಡಿದು ಮನೆಗೆ ಬಂದರೆ ಅದು ಕರೆಯುವುದು ಅಂದರು. ನನ್ನನ್ನು ಕಳಿಸಿದ್ದು ಇಮೇಲಿನಲ್ಲಿ. ಕರೆಯುವ ದಿನ ತಟ್ಟೆ ಹಿಡಿದೇ ಬರುತ್ತಾರೆ ಅಂತ ಕಾರ್ಮೆನ್‌ಗೆ ಮೂರು ವರ್ಷದಿಂದ ಹೇಳುತ್ತಿದ್ದೇನೆ."

ಸುಮಿತ್ರೆ ಹೇಳಿದ್ದು ಬರೀ ಮರ್ಯಾದೆಗೆ. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟು ಬೀಳ್ಕೊಡುತ್ತೇವೆ, ಗೌರವಿಸುತ್ತೇವೆ, ಅದರಲ್ಲೇ ಕರೆಯುತ್ತೇವೆ. ಯಾವುದು ಯಾವಾಗ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮನುಷ್ಯನಿಗೆ ಒಂದೇ ಅರ್ಥ ಕಲಿಸಿ ಕಳಿಸಿದ್ದೆವು. ಅದನ್ನವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಅವರು ನೋಟ್‌ಬುಕ್ ಬಿಚ್ಚಿದ್ದರು. ನಮ್ಮ ತಂಡದ ಮೂರು ವರ್ಷದ ಒಂದೊಂದು ಆಟವನ್ನೂ ಗೆರೆ ಎಳೆದು ಬರೆದಿಟ್ಟಿದ್ದರು. ನೋಡದೆ ಬಿಟ್ಟ ಆಟವೇ ಇರಲಿಲ್ಲ. ಎಡಗಡೆಯ ಆಟಗಾರನನ್ನು ನಡುವೆ ಆಡಿಸಿ ಹಾಳು ಮಾಡಿದ್ದಾರೆ, ನಾನು ಬಂದ ಮೊದಲ ವಾರವೇ ಸರಿಮಾಡುತ್ತೇನೆ ಎಂದರು. ದರ್ಶಿನಿಯಲ್ಲಿ ನಾಗರಾಜು ಬಡಿದುಕೊಳ್ಳುವುದೂ ಅದನ್ನೇ. ಒಂದು ಕ್ಷಣ ಸುಮ್ಮನಿದ್ದುಬಿಡೋಣ, ಆ ಮಾತು ಕೇಳುತ್ತಲೇ ಇರೋಣ ಎನ್ನಿಸಿತು. ಇವರು ಸತ್ಯವಾಗಿಯೂ ನಮ್ಮ ಕೋಚ್ ಆಗಿರುವ ಜಾಗ ಭೂಮಿಯ ಮೇಲೆ ಆಗ ಅದೊಂದೇ ಕೋಣೆ.

ಕಾರ್ಮೆನ್ ಮೆಲ್ಲಗೆ ಏನೋ ಕೇಳಿದರು. "ಎಷ್ಟು ವರ್ಷಕ್ಕೆ ಅಂತ ಕೇಳುತ್ತಿದ್ದಾಳೆ," ಎಂದರು ರಾಮಣ್ಣ.

"ಸಾರ್," ಎಂದೆ. "ನಾನು ತಂಡದ ಕಡೆಯವನಲ್ಲ."

ಅವರ ಪೆನ್ನು ನಿಂತಿತು.

"ಗ್ಯಾಲರಿಯವನು. ಬೆಂಗಳೂರಿನ ನಮ್ಮೆಲ್ಲರ ಪರವಾಗಿ ಅಂತ ಬರೆದೆನಲ್ಲ, ನಾವೆಲ್ಲ ಅಂದರೆ ಏಳು ಜನ. ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತೇವೆ. ನಿಮ್ಮನ್ನು ನೇಮಿಸುವ ಅಧಿಕಾರ ನಮಗಿಲ್ಲ. ನಿಮ್ಮನ್ನು ನೋಡಬೇಕು ಅನ್ನಿಸಿತು, ಬಂದೆ. ತಪ್ಪು ನನ್ನದು."

ಕಾರ್ಮೆನ್‌ಗೆ ಯಾರೂ ಅನುವಾದ ಮಾಡಲಿಲ್ಲ. ಬೇಕಾಗಲೂ ಇಲ್ಲ. ಆಕೆ ಎದ್ದು ಸೂಟ್‌ಕೇಸನ್ನು ಗೋಡೆಯ ಬದಿಗೆ ಸರಿಸಿ, ಕಾಫಿ ತರಲು ಒಳಗೆ ಹೋದರು.

ರಾಮಣ್ಣ ನೋಟ್‌ಬುಕ್ ಮುಚ್ಚಿಟ್ಟರು. ಆಮೇಲೆ ಕೇಳಿದರು: "ಯಾವ ಗ್ಯಾಲರಿ?"

"ಉತ್ತರದ್ದು ಸಾರ್. ಡ್ರಮ್ಮಿನ ಪಕ್ಕ."

"ಎಡಕ್ಕೋ ಬಲಕ್ಕೋ?"

"ಎಡಕ್ಕೆ."

ಅದೊಂದು ದೊಡ್ಡ ಹುದ್ದೆ ಎಂಬಂತೆ ತಲೆಯಾಡಿಸಿದರು. ಶಾಲಿನ ಅಂಚನ್ನು ಬೆರಳಿನಲ್ಲಿ ಸವರುತ್ತಾ, "ಹಾಗಾದರೆ ಇದನ್ನು ವಾಪಸ್ ಕೊಡಬೇಕೇ?" ಎಂದರು.

"ಇಲ್ಲ ಸಾರ್. ಅದು ನಿಮಗೇ ತಂದದ್ದು. ಅದರಲ್ಲಿ ತಪ್ಪೇನೂ ಇಲ್ಲ."

ಕಾಫಿ ಬಂತು. ಕುಡಿಯುತ್ತಾ, ಸೇಬಿನ ಮದ್ಯದ ಅಂಗಡಿಯ ನಾಲ್ವರು ಮುದುಕರ ವಿಷಯ ಹೇಳಿದೆ. ಎರಡು ತಿಂಗಳಿಂದ ಬಿಲ್ಲೆ ಕುಟ್ಟುತ್ತಿದ್ದಾರೆ, ನಿಮ್ಮ ಹೆಸರಿಗೆ ಮಾತ್ರ ಕುಟ್ಟಲಿಲ್ಲ ಎಂದೆ.

"ಅವರ ಮೈದಾನ ನೀವು ನೋಡಿಲ್ಲ. ಮೊಣಕಾಲುದ್ದ ಕೆಸರು."

"ನಮ್ಮದರಲ್ಲಿ ಮಾತ್ರ ಏನಿತ್ತು ಸಾರ್? ಪ್ಯಾಂಟು ಮಡಚಿಕೊಂಡೇ ನಿಲ್ಲುತ್ತಿದ್ದಿರಲ್ಲ."

ಅವರಿಗೆ ನಗು ಬಂತು. ಬಂದದ್ದು ಬೇಗ ನಿಲ್ಲಲಿಲ್ಲ. ಒಳಗಿಂದ ಕಾರ್ಮೆನ್ ಇಣುಕಿ ನೋಡಿದರು.

ಬಸ್ ನಿಲ್ದಾಣ

ಬೇಡವೆಂದರೂ ಬಿಡಲು ಬಂದರು. ಚಳಿಗೆ ಕೋಟಿನ ಮೇಲೆ ಶಾಲು ಹಾಗೇ ಇತ್ತು. ಪೇಟವನ್ನು ಕಾರ್ಮೆನ್ ತೆಗೆಸಿದ್ದರು. ದಾರಿಯಲ್ಲಿ ಸೇಬಿನ ಮದ್ಯದ ಅಂಗಡಿ ದಾಟುವಾಗ ಒಳಗಿನ ನಾಲ್ವರೂ ತಲೆ ಎತ್ತಿ ನೋಡಿದರು. ರಾಮಣ್ಣ ಆ ಕಡೆ ತಿರುಗಲಿಲ್ಲ.

ಬಸ್ಸು ಬಂದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ನೀವು ವಾಪಸ್ ಹೋದ ಮೇಲೆ ಆ ಆರು ಜನ ಕೇಳುತ್ತಾರೆ, ಬರುತ್ತಾನಾ ಅಂತ. ಬರುತ್ತೇನೆ ಅಂದ ಎಂದು ಹೇಳಿ."

ಸೀಟು ಹಿಡಿದು ಕಿಟಕಿಯಿಂದ ನೋಡಿದೆ. ಅವರು ರಸ್ತೆಯಲ್ಲಿ ನಿಂತೇ ಇದ್ದರು. ಬಸ್ಸು ತಿರುವು ತೆಗೆದುಕೊಳ್ಳುವಾಗ ಹೊರಟರು. ಮನೆಯ ಕಡೆಗೋ ಅಂಗಡಿಯ ಕಡೆಗೋ, ಮಳೆ ಕೂತ ಗಾಜಿನಲ್ಲಿ ನನಗೆ ಕಾಣಿಸಲಿಲ್ಲ.

ಮತ್ತೆ ಅದೇ ಮೇಜು

ನಾವು ವಿದ್ಯಾರಣ್ಯಪುರದ ಮನೆ ತಲುಪುವ ಹೊತ್ತಿಗೆ ತಂಡ ಹೊಸ ಕೋಚನ್ನು ಪ್ರಕಟಿಸಿಯಾಗಿತ್ತು. ನಮ್ಮ ಒಂಬತ್ತರಲ್ಲಿ ಇಲ್ಲದ ಹೆಸರು. ಎಲ್ಲಿಯವರು ಎಂದು ಸುಮಿತ್ರೆ ಕೇಳಿದಳು, ಹೇಳಿದೆ. "ಅಲ್ಲಿ ಎಲೆ ಸಿಗುತ್ತೋ ಇಲ್ವೋ," ಎಂದಳು.

ಮರುದಿನ ದರ್ಶಿನಿಗೆ ಹೋದರೆ ಏಳಕ್ಕೆ ಏಳೂ ಹಾಜರು. ಬೋಂಡಾ ಸೂಪ್ ಇರಲಿಲ್ಲ. ನಾನು ರೈಲಿನ ವಿಷಯ ಹೇಳಿದೆ, ತೆಂಗಿನಕಾಯಿ ಅಲ್ಲಾಡಿಸಿದ ಹೆಂಗಸಿನ ವಿಷಯ ಹೇಳಿದೆ. ಯಾರೂ ನಗಲಿಲ್ಲ.

"ಅದೆಲ್ಲ ಇರ್ಲಿ ಮೇಷ್ಟ್ರೇ," ಎಂದ ನಾಗರಾಜು. "ಹೆಂಗೂ ಬೇರೆಯವ್ರನ್ನ ಹಾಕಾಯ್ತು, ಇನ್ನೇನಿದೆ. ಆದ್ರೂ ಕೇಳ್ತೀನಿ. ಬರಲ್ಲ ಅಂದ್ರಾ?"

ಬರುವುದಿಲ್ಲ ಅಂದರು ಎಂದುಬಿಟ್ಟರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಎರಡು ದಿನ ಬೈದು, ಮೂರನೆಯ ದಿನ ಹೊಸಬರ ಜಾತಕ ಶುರು ಮಾಡಬಹುದಿತ್ತು.

"ಅಲ್ಲಿ ಆರಾಮಾಗವ್ರೆ ಅನ್ಸುತ್ತೆ," ಎಂದ ಸೆಲ್ವ, ನನಗೆ ದಾರಿ ಮಾಡಿಕೊಡುವವನಂತೆ. "ಹೆಂಡ್ತಿ, ಮನೆ, ಊರು. ಯಾಕ್ ಬರ್ತಾರೆ ಬಿಡಿ ಸಾರ್."

"ಬರ್ತೀನಿ ಅಂದ್ರು ಕಣೋ," ಎಂದೆ.

ನಾಗರಾಜು ಲೋಟ ಕೆಳಗಿಟ್ಟ. "ಮತ್ತೆ ಕರ್ಕೊಂಡ್ ಬರೋದಲ್ವಾ ಮೇಷ್ಟ್ರೇ?"

"ಕರೆಯೋಕೆ ನಾವ್ಯಾರು ನಾಗರಾಜು?"